ಗೇರ್ ಆಯಿಲ್ ಬೆಳ್ಳಗಾಗಿದೆ, ಯಾವ ಗ್ಯಾಸ್ಕೆಟ್ ಹಾಕಲಿ?

ಪ್ರಶ್ನೆ: ಸರ್, ನನ್ನದು 18 ವರ್ಷ ಹಳೆಯ ಬೋಟು. ಹಿಂದೆ ಮರ್‌ಕ್ರೂಸರ್ ಆಲ್ಫಾ ವನ್, ಜನರೇಷನ್ 2 ಸ್ಟರ್ನ್‌ಡ್ರೈವ್ (ಎಂಜಿನ್ ಬೋಟಿನ ಒಳಗೆ, ಗೇರು-ಪ್ರೊಪೆಲರ್ ಇರುವ ಡ್ರೈವ್ ಹಿಂದೆ ಹೊರಗೆ) ಇದೆ. ಕಳೆದ ಸೀಸನ್ ಕೊನೆಯಲ್ಲಿ ಒಬ್ಬ ಮೆಕ್ಯಾನಿಕ್ ಡ್ರೈವ್ ಬಿಚ್ಚಿ, ಅದು ಬೋಟಿನ ಕಡೆಗೆ ಸೇರುವ ಬೆಲ್ ಹೌಸಿಂಗ್‌ನ ಗ್ಯಾಸ್ಕೆಟ್ (ಎರಡು ಲೋಹದ ಮುಖಗಳ ನಡುವೆ ಸೋರಿಕೆ ತಡೆಯುವ ಹಾಳೆ) ಬದಲಾಯಿಸಿ, ಎರಡೂ ಕಡೆ ಸಿಲಿಕಾನ್ ಬಳಿದು ಕೂರಿಸಿದರು. ಈ ಸಲ ಗೇರ್ ಆಯಿಲ್ ಇಳಿಸಿದರೆ ಹಾಲು ಕಲಸಿದ ಹಾಗೆ ಬೆಳ್ಳಗೆ ಬಂತು. ಸ್ಪೀಡ್ ಏರಿಸಿದರೆ ಎಂಜಿನ್ ಕೂಡ ಮೊದಲಿಗಿಂತ ಜಾಸ್ತಿ ಬಿಸಿಯಾಗುತ್ತಿದೆ. ವಿಚಿತ್ರ ಅಂದರೆ ಎಂಜಿನ್ ಪಕ್ಕದ ಗೇರ್ ಆಯಿಲ್ ಬಾಟಲಿಯ ಮಟ್ಟ ಇಡೀ ಸೀಸನ್ ಕೂದಲೆಳೆಯಷ್ಟೂ ಇಳಿಯಲಿಲ್ಲ. ಈಗ ಡ್ರೈವ್ ಬಿಚ್ಚಿ ಇಟ್ಟಿದ್ದೇನೆ. ಎರಡು ಗ್ಯಾಸ್ಕೆಟ್ ಕಿಟ್ ತರಿಸಿದೆ. ಒಂದರ ಗ್ಯಾಸ್ಕೆಟ್ ದಪ್ಪ, ಇನ್ನೊಂದರದು ತೆಳು. ತೆಳುವಾದದ್ದರಲ್ಲಿ ಒಂದು ಸಣ್ಣ ತೂತು ಹೆಚ್ಚಿಗೆ ಇದೆ. ದಪ್ಪ ಇದ್ದರೆ ಗಟ್ಟಿ ಅಂತ ಗೆಳೆಯರ ಮಾತು. ಯಾವುದು ಹಾಕಲಿ? ಸಿಲಿಕಾನ್ ಬೇಕಾ? ಓ-ರಿಂಗ್ (ಉಂಗುರದಂಥ ರಬ್ಬರ್ ಸೀಲ್) ಹಳೆಯವೇ ನಡೆಯುತ್ತವಾ? ಅಲ್ಯೂಮಿನಿಯಂ ಮುಖದ ಮೇಲೆ ಎರಡು ಗುಳಿ ಬೇರೆ ಬಿದ್ದಿವೆ. ಒಂದು ಹೊರ ಅಂಚಿನ ಹತ್ತಿರ, ಇನ್ನೊಂದು ನೀರಿನ ದಾರಿಯ ರಬ್ಬರ್ ಸೀಲ್ ಕೂರುವ ಜಾಗಕ್ಕೆ ತಾಗಿಕೊಂಡಿದೆ.

ಉತ್ತರ: ಮೊದಲು ಒಂದು ಕೆಲಸ ಮಾಡಿ. ಹಳೆಯ ಗ್ಯಾಸ್ಕೆಟ್ ಬಿಸಾಡಿದ್ದರೆ ಕಸದ ಬುಟ್ಟಿಯಿಂದ ವಾಪಸ್ ತೆಗೆಯಿರಿ. ತುಂಡಾಗಿದ್ದರೂ ಪರವಾಗಿಲ್ಲ. ಒರೆಸಿ, ನಿಮ್ಮ ತೆಳು ಗ್ಯಾಸ್ಕೆಟ್ ಮೇಲೆ ಜೋಡಿಸಿ ನೋಡಿ. ಆ ಹೆಚ್ಚುವರಿ ಸಣ್ಣ ತೂತು ಹಳೆಯದರಲ್ಲಿ ಇದೆಯಾ? ಇದ್ದರೆ ಅದರೊಳಗೆ ಸಿಲಿಕಾನ್ ಮೆತ್ತಿಕೊಂಡಿದೆಯಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ನಿಮ್ಮ ಪ್ರಶ್ನೆ ಓದುವಾಗ ಬೆಳ್ಳಗಾದ ಆಯಿಲ್‌ಗಿಂತ ಮೊದಲು ನನ್ನನ್ನು ತಡೆದು ನಿಲ್ಲಿಸಿದ್ದು ಆ ಇಳಿಯದ ಬಾಟಲಿ. ಅದು ಸುಮ್ನೆ ಆಯಿಲ್ ತುಂಬಿಡುವ ಬಾಟಲಿ ಅಲ್ಲ. ಒಂದು ಸಣ್ಣ ಕೊಳವೆ ಅಲ್ಲಿಂದ ಹೊರಟು, ಬೆಲ್ ಹೌಸಿಂಗ್ ದಾಟಿ, ಎರಡು ಮುಖ ಸೇರುವ ಜಾಗದ ಪುಟ್ಟ ರಂಧ್ರದ ಮೂಲಕ ಡ್ರೈವ್‌ನ ಹೊಟ್ಟೆಗೆ ಸೇರುತ್ತದೆ. ಡ್ರೈವ್ ಓಡಿ ಬಿಸಿಯಾದಾಗ ಆಯಿಲ್ ಹಿಗ್ಗುತ್ತದೆ, ಬಾಟಲಿಯ ಮಟ್ಟ ಚೂರು ಏರುತ್ತದೆ. ತಣ್ಣಗಾದರೆ ಇಳಿಯುತ್ತದೆ. ಇಡೀ ಸೀಸನ್ ಗೆರೆ ಹಾಕಿಟ್ಟ ಹಾಗೆ ಮಟ್ಟ ನಿಂತಿದ್ದರೆ ಡ್ರೈವ್ ಆರೋಗ್ಯವಾಗಿದೆ ಅಂತ ನಾನು ನಂಬುವುದಿಲ್ಲ. ಬಾಟಲಿಗೂ ಡ್ರೈವ್‌ಗೂ ಮಾತುಕತೆ ನಿಂತಿರಬಹುದು ಅಂತ ಅನುಮಾನ ಪಡುತ್ತೇನೆ. ತೂತಿಲ್ಲದ ಗ್ಯಾಸ್ಕೆಟ್ ಆ ರಂಧ್ರದ ಮೇಲೆ ಕೂತಿದ್ದರೆ ಅಥವಾ ಸಿಲಿಕಾನ್ ಒಳಗೆ ನುಗ್ಗಿದ್ದರೆ ಹೀಗೇ ಆಗುತ್ತದೆ. ಒಳಗೆ ನೀರು ಸೇರುತ್ತಿದ್ದರೂ ಬಾಟಲಿ ನಿಮಗೆ "ಎಲ್ಲಾ ಸರಿ ಇದೆ" ಅಂತಲೇ ತೋರಿಸುತ್ತಿರುತ್ತದೆ.

ಈಗ ನಿಮ್ಮ ಚಿಂತೆಗೆ ಬರೋಣ. ನಿಮಗೆ ಎರಡು ತೊಂದರೆ ಇದೆ, ಆಯಿಲ್‌ನಲ್ಲಿ ನೀರು ಮತ್ತು ಎಂಜಿನ್ ಬಿಸಿ. ಎರಡಕ್ಕೂ ಆ ಒಂದು ದೊಡ್ಡ ಗ್ಯಾಸ್ಕೆಟ್ ಕಾರಣ ಅಂತ ನೀವು ಅಂದುಕೊಂಡಿದ್ದೀರಿ. ಒಳ್ಳೆಯ ಗ್ಯಾಸ್ಕೆಟ್ ಹಾಕಿದರೆ ಎರಡೂ ಹೋಗುತ್ತವೆ ಅನ್ನುವ ಆಸೆ. ಅಷ್ಟು ಸಲೀಸಾಗಿ ಹೋಗಲಿಕ್ಕಿಲ್ಲ. ಕಿಟ್ ಆರಿಸುವ ಮೊದಲು ಆ ಗ್ಯಾಸ್ಕೆಟ್ ಯಾವುದನ್ನು ಯಾವುದರಿಂದ ಬೇರೆ ಇಡುತ್ತದೆ ಅನ್ನುವುದು ಗೊತ್ತಿರಬೇಕು.

ಡ್ರೈವ್‌ನ ಮುಂಭಾಗವನ್ನು ಬೆಳಕಿಗೆ ತಿರುಗಿಸಿ ನೋಡಿ. ನಡುವೆ ದೊಡ್ಡ ತೂತು, ಅದರಿಂದ ಹೊರಗೆ ಚಾಚಿದ, ಎಂಜಿನ್ ತಿರುಗಿಸುವ ಯೂ-ಜಾಯಿಂಟ್ ಶಾಫ್ಟ್. ಆ ಜಾಗ ಯಾವಾಗಲೂ ಒಣಗಿರಬೇಕು. ನೀರೂ ಬರಬಾರದು, ಆಯಿಲೂ ಬರಬಾರದು. ಪಕ್ಕದಲ್ಲಿ ಎಂಜಿನ್ ತಂಪು ಮಾಡಲು ಹೋಗುವ ನೀರಿನ ದಾರಿ, ಅದಕ್ಕೆ ಪ್ರತ್ಯೇಕ ರಬ್ಬರ್ ಸೀಲ್. ಇನ್ನೊಂದು ಕಡೆ ಆ ಬಾಟಲಿಯ ಆಯಿಲ್ ಬರುವ ಪುಟ್ಟ ರಂಧ್ರ, ಅದಕ್ಕೊಂದು ಪುಟ್ಟ ಓ-ರಿಂಗ್. ಕೆಳಗಡೆ ಎಂಜಿನ್ ಹೊಗೆ ಹೊರಗೆ ಹೋಗುವ ದಾರಿ. ಇಷ್ಟೆಲ್ಲದರ ಸುತ್ತ ಹೊರಗಿನ ನೀರು. ಅಂಗೈ ಅಗಲದ ಜಾಗದಲ್ಲಿ ಇಷ್ಟು ಕೋಣೆಗಳು, ಒಂದರ ಗಾಳಿ ಇನ್ನೊಂದಕ್ಕೆ ಸೋಕಬಾರದು. ವೋಲ್ವೋ ಪೆಂಟಾದವರು 1959ರಲ್ಲಿ ಆಕ್ವಾಮ್ಯಾಟಿಕ್ ತಂದು ಎಂಜಿನ್ ಬೋಟಿನ ಒಳಗೆ, ಗೇರು ಹೊರಗೆ ನೀರಲ್ಲಿ ಅನ್ನುವ ಜೋಡಣೆಯನ್ನು ಮಾರುಕಟ್ಟೆಗೆ ಬಿಟ್ಟ ಕಾಲದಿಂದಲೂ ಈ ಜಾತಿಯ ಯಂತ್ರದ ಅರ್ಧ ತಲೆನೋವು ಇಂಥ ಸೇರುವ ಮುಖಗಳಲ್ಲೇ.

ಯಾವ ಗೋಡೆ ಬಿದ್ದರೆ ಏನಾಗುತ್ತದೆ? ದೊಡ್ಡ ಗ್ಯಾಸ್ಕೆಟ್ ಸೋತು ನೀರು ನಡುವಿನ ಒಣ ಜಾಗಕ್ಕೆ ಬಂದರೆ ಯೂ-ಜಾಯಿಂಟ್ ತುಕ್ಕು ಹಿಡಿಯುತ್ತದೆ, ಆ ಶಾಫ್ಟನ್ನು ಹಿಡಿದಿರುವ ಗಿಂಬಲ್ ಬೇರಿಂಗ್ ಗುರ್ ಅನ್ನಲು ಶುರು ಮಾಡುತ್ತದೆ. ನೀರಿನ ಸೀಲ್ ಸೋತರೆ ಎಂಜಿನ್‌ಗೆ ಹೋಗಬೇಕಾದ ನೀರು ದಾರಿಯಲ್ಲೇ ಸೋರುತ್ತದೆ. ಗೇರ್ ಆಯಿಲ್ ಬೆಳ್ಳಗಾಗಲು ಈ ಮುಖದಲ್ಲಿ ನೇರವಾಗಿ ಇರುವ ದಾರಿ ಒಂದೇ, ಆ ಪುಟ್ಟ ಆಯಿಲ್ ರಂಧ್ರ. ಹಾಗಾಗಿ ದೊಡ್ಡ ಗ್ಯಾಸ್ಕೆಟ್ ಬದಲಾಯಿಸಿದ ಮಾತ್ರಕ್ಕೆ ಆಯಿಲ್ ಸರಿಹೋಗುತ್ತದೆ ಅನ್ನುವುದು ತಪ್ಪು ಲೆಕ್ಕ.

ಹಾಗಾದರೆ ನೀರು ಎಲ್ಲಿಂದ ಬಂತು? ನನ್ನ ಕೈಗೆ ಬರುವ ಬೆಳ್ಳಗಿನ ಆಯಿಲ್ ಡ್ರೈವ್‌ಗಳಲ್ಲಿ ನಾನು ಮೊದಲು ನೋಡುವುದು ಡ್ರೇನ್ ಸ್ಕ್ರೂ ಮತ್ತು ವೆಂಟ್ ಸ್ಕ್ರೂ ಕೆಳಗಿನ ವಾಷರ್‌ಗಳನ್ನು. ಉಗುರಿನಷ್ಟು ಅಗಲದ ವಾಷರ್. ಪ್ರತಿ ಸಲ ಆಯಿಲ್ ಬದಲಾಯಿಸುವಾಗ ಹೊಸದು ಹಾಕಬೇಕು. ಹಳೆಯದರ ಮೇಲೆ ಸ್ಕ್ರೂ ಅಂಚು ಕೂತು ಒಂದು ಉಂಗುರದಂಥ ಗೀರು ಬಿದ್ದಿರುತ್ತದೆ, ಉಗುರಿಗೆ ಸಿಗುತ್ತದೆ. ಆ ಗೀರಿನ ಮೇಲೆ ಇನ್ನೊಮ್ಮೆ ಬಿಗಿದರೆ ಸರಿಯಾಗಿ ಕೂರುವುದಿಲ್ಲ. ಕೆಲವೊಮ್ಮೆ ಹಳೆಯ ವಾಷರ್ ಡ್ರೈವ್‌ಗೆ ಅಂಟಿಕೊಂಡೇ ಇರುತ್ತದೆ, ಅದು ಕಾಣದೆ ಅದರ ಮೇಲೇ ಹೊಸದನ್ನು ಹಾಕಿರುತ್ತಾರೆ. ಎರಡು ವಾಷರ್ ಇದ್ದರೆ ಇನ್ನೂ ಭದ್ರ ಅಂತಲ್ಲ, ಆಗ ಎರಡೂ ಸೋರುತ್ತವೆ.

ಆಮೇಲೆ ಪ್ರೊಪೆಲರ್ ಶಾಫ್ಟ್ ಸೀಲ್. ಪ್ರೊಪೆಲರ್ ಬಿಚ್ಚಿ ಹಿಂದೆ ನೋಡಿ. ಮೀನಿನ ಗಾಳದ ದಾರ ಸುತ್ತಿಕೊಂಡಿದ್ದರೆ ಅದು ಸೀಲ್‌ನ ತುಟಿಯನ್ನು ಕೊಯ್ದುಬಿಟ್ಟಿರುತ್ತದೆ. ನೈಲಾನ್ ದಾರ ಬಿಸಿಗೆ ಕರಗಿ ಗಟ್ಟಿ ಉಂಗುರವಾಗಿರುತ್ತದೆ, ಮೊದಲ ನೋಟಕ್ಕೆ ಅದೂ ಒಂದು ಬಿಡಿಭಾಗವೇ ಅನ್ನಿಸುತ್ತದೆ. ಗೇರ್ ಬದಲಾಯಿಸುವ ಶಾಫ್ಟ್‌ನ ಸೀಲ್, ವಾಟರ್ ಪಂಪ್ ಕೆಳಗಿನ ಡ್ರೈವ್‌ಶಾಫ್ಟ್ ಸೀಲ್, ಡ್ರೈವ್‌ನ ಮೇಲಿನ ಮತ್ತು ಕೆಳಗಿನ ಭಾಗ ಸೇರುವಲ್ಲಿ ಆಯಿಲ್ ದಾರಿಯ ಓ-ರಿಂಗ್, ಇವೂ ಪಟ್ಟಿಯಲ್ಲಿವೆ.

ಊಹೆ ಮಾಡುತ್ತಾ ಕೂರಬೇಡಿ. ಡ್ರೈವ್ ಹೊರಗಿದೆ, ಆಯಿಲ್ ಖಾಲಿಯಾಗಿದೆ. ಪ್ರೆಷರ್ ಟೆಸ್ಟ್‌ಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಗೇಜ್ ಇರುವ ಸಣ್ಣ ಕೈಪಂಪು ಸಾಕು. ಆಯಿಲ್ ರಂಧ್ರ ಮುಚ್ಚಿ, ಸ್ಕ್ರೂ ಜಾಗದಲ್ಲಿ ಪಂಪಿನ ತುದಿ ಜೋಡಿಸಿ ಗಾಳಿ ತುಂಬಿ. ಮೊದಲು ಕಡಿಮೆ ಒತ್ತಡ, ಆಮೇಲೆ ಮ್ಯಾನುಯಲ್ ಹೇಳುವಷ್ಟು. ಕಡಿಮೆಯಿಂದಲೇ ಶುರು ಮಾಡಬೇಕು, ಅದಕ್ಕೆ ಕಾರಣ ಇದೆ. ತುಟಿ ಇರುವ ಸೀಲ್‌ಗಳು ಜಾಸ್ತಿ ಒತ್ತಡದಲ್ಲಿ ತಾವೇ ಶಾಫ್ಟ್‌ಗೆ ಬಿಗಿಯಾಗಿ ಅಂಟಿಕೊಂಡು ಸೋರಿಕೆಯನ್ನು ಮುಚ್ಚಿಡುತ್ತವೆ. ಕಡಿಮೆ ಒತ್ತಡದಲ್ಲಿ ನಿಜ ಬಾಯಿಬಿಡುತ್ತವೆ. ಗಾಳಿ ನಿಂತಿರುವಾಗಲೇ ಶಾಫ್ಟ್‌ಗಳನ್ನು ಕೈಯಲ್ಲಿ ತಿರುಗಿಸಿ, ಅಲ್ಲಾಡಿಸಿ. ಸೋಪು ನೀರು ಸುರಿಯಿರಿ. ಗುಳ್ಳೆ ಎದ್ದಲ್ಲಿ ನಿಮ್ಮ ಕಳ್ಳ ಇದ್ದಾನೆ. ಆಮೇಲೆ ಗಾಳಿ ಎಳೆದು ವ್ಯಾಕ್ಯೂಮ್ ಟೆಸ್ಟ್ ಕೂಡ ಮಾಡಿ. ಒಳಗಿನಿಂದ ಹೊರಗೆ ಒತ್ತಿದಾಗ ಸುಮ್ಮನಿರುವ ಸೀಲ್ ಹೊರಗಿನಿಂದ ಒಳಗೆ ಎಳೆದಾಗ ಬಿಟ್ಟುಕೊಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮ ನೀರು ಬಂದಿದ್ದು ಹೊರಗಿನಿಂದ ಒಳಕ್ಕೇ ಅಲ್ವಾ?

ಮುಂದಿನ ಸಲಕ್ಕೆ ಒಂದು ಮಾತು. ಬೋಟು ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಡ್ರೇನ್ ಸ್ಕ್ರೂ ಪೂರ್ತಿ ಬಿಚ್ಚದೆ ಸ್ವಲ್ಪ ಸಡಿಲ ಮಾಡಿ, ಕೆಳಗೆ ಬಿಳಿ ಬಟ್ಟಲು ಹಿಡಿಯಿರಿ. ಆಯಿಲ್‌ಗಿಂತ ನೀರು ಭಾರ, ತಳಕ್ಕೆ ಇಳಿದಿರುತ್ತದೆ. ಮೊದಲು ಎರಡು ಹನಿ ತಿಳಿನೀರು ಬಂದು ಆಮೇಲೆ ಆಯಿಲ್ ಬಂದರೆ, ಆಯಿಲ್ ಇನ್ನೂ ಬೆಳ್ಳಗಾಗುವ ಮೊದಲೇ ನಿಮಗೆ ಸುದ್ದಿ ಸಿಕ್ಕಿತು.

ಎಂಜಿನ್ ಬಿಸಿಯ ವಿಚಾರ. ಆಲ್ಫಾದಲ್ಲಿ ವಾಟರ್ ಪಂಪ್ ಡ್ರೈವ್‌ನ ಒಳಗೇ ಇದೆ, ಅದು ನೀರನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಮುಖದ ಸೀಲ್ ಸೋತರೆ ನೀರು ಹೊರಗೆ ಚಿಮ್ಮುತ್ತದೆ, ಎಂಜಿನ್‌ಗೆ ಕಡಿಮೆ ತಲುಪುತ್ತದೆ. ಮರ್‌ಕ್ರೂಸರ್‌ನದೇ ಇನ್ನೊಂದು ಮಾದರಿಯಾದ ಬ್ರಾವೋ ಡ್ರೈವ್‌ನಲ್ಲಿ ಪಂಪ್ ಎಂಜಿನ್ ಮೇಲಿದೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ಅಲ್ಲಿ ಅದೇ ಸೀಲ್ ಸೋತರೆ ನೀರಿನ ಜೊತೆ ಗಾಳಿ ಎಳೆದುಕೊಂಡು ಎಂಜಿನ್ ಬಿಸಿಯಾಗುತ್ತದೆ. ಬ್ರಾವೋ ಇರುವ ಗೆಳೆಯರ ಅನುಭವ ನಿಮ್ಮ ಬೋಟಿಗೆ ಹಾಗೇ ಹೊಂದಿಕೊಳ್ಳದಿರುವುದು ಇದಕ್ಕೇ.

ನಿಮ್ಮ ಕೇಸಿನಲ್ಲಿ ಮೂರು ಅನುಮಾನ ಇದೆ. ಸವೆದ ಇಂಪೆಲ್ಲರ್ (ವಾಟರ್ ಪಂಪಿನ ರಬ್ಬರ್ ರೆಕ್ಕೆಚಕ್ರ), ಸರಿಯಾಗಿ ಕೂರದ ನೀರಿನ ಸೀಲ್, ಇಲ್ಲವೇ ದಾರಿಗೆ ಅಡ್ಡ ಬಂದ ಸಿಲಿಕಾನ್. ಬಿಸಿ ಶುರುವಾಗಿದ್ದು ಆ ಸರ್ವಿಸ್ ಆದ ಮೇಲೆ. ಹಾಗಾಗಿ ನನ್ನ ಬೆರಳು ಮೊದಲು ಸಿಲಿಕಾನ್ ಕಡೆಗೇ ಹೋಗುತ್ತದೆ. ಒಮ್ಮೆ ಹೀಗೇ ಬಂದ ಒಂದು ಬೋಟಿನಲ್ಲಿ ಪಂಪ್ ಹೊಸದು, ಥರ್ಮೋಸ್ಟಾಟ್ ಹೊಸದು, ಆದರೂ ಬಿಸಿ. ಕೊನೆಗೆ ಪವರ್ ಸ್ಟೀರಿಂಗ್ ಕೂಲರ್‌ನ ಹೋಸ್ ಬಿಚ್ಚಿ ಟಾರ್ಚ್ ಬಿಟ್ಟೆ. ಕೂಲರ್ ಬಾಯಲ್ಲಿ ಶಾವಿಗೆ ಎಳೆಯ ಹಾಗೆ ಕಪ್ಪು ಸಿಲಿಕಾನ್ ಎಳೆಗಳು, ಅದಕ್ಕೆ ಸಿಕ್ಕಿಕೊಂಡು ಹಳೆಯ ಇಂಪೆಲ್ಲರ್‌ನ ಎರಡು ರೆಕ್ಕೆ ಚೂರು. ಹೊರಗಿನಿಂದ ಬರುವ ನೀರು ಆ ಸಣ್ಣ ಕೊಳವೆಗಳನ್ನು ದಾಟಿ ಹೋಗಬೇಕು, ಕಸ ಅಲ್ಲೇ ನಿಲ್ಲುತ್ತದೆ. ನೀವೂ ಅಲ್ಲೊಮ್ಮೆ ಇಣುಕಿ ನೋಡಿ.

ಇದರಿಂದ ಸಿಲಿಕಾನ್ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಿತು. ಈ ಗ್ಯಾಸ್ಕೆಟ್ ಒಣಗಿಯೇ ಕೂರಬೇಕು. ಎರಡು ಲೋಹದ ನಡುವೆ ಒತ್ತಿದಾಗ ಅದರ ನಾರು ಮುಖದ ಸೂಕ್ಷ್ಮ ಗೆರೆಗಳಿಗೆ ಕಚ್ಚಿಕೊಳ್ಳುತ್ತದೆ, ಆ ಹಿಡಿತದ ಮೇಲೇ ಅದರ ಕೆಲಸ ನಿಂತಿದೆ. ನಡುವೆ ಸಿಲಿಕಾನ್ ಪದರ ಬಂದರೆ ಗ್ಯಾಸ್ಕೆಟ್ ಜಾರುತ್ತದೆ, ಬಿಗಿಯುವಾಗ ಪಕ್ಕಕ್ಕೆ ಸರಿಯುತ್ತದೆ. ಹೊರಗೆ ಉಕ್ಕಿದ್ದು ನಿಮ್ಮ ಕಣ್ಣಿಗೆ ಕಾಣುತ್ತದೆ, ಒರೆಸುತ್ತೀರಿ. ಒಳಗೂ ಅಷ್ಟೇ ಉಕ್ಕಿರುತ್ತದೆ, ಅದನ್ನು ಒರೆಸುವವರು ಯಾರು? ಇನ್ನೊಂದು ವಿಷಯ, ವಿನೆಗರ್ ವಾಸನೆ ಬರುವ ಸಾಮಾನ್ಯ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಅಲ್ಯೂಮಿನಿಯಂ ಮುಖಕ್ಕೆ ಅದು ಒಳ್ಳೆಯದಲ್ಲ.

ಸೀಲಂಟ್ ಎಲ್ಲೂ ಬೇಡ ಅಂತ ನಾನು ಹೇಳುವುದಿಲ್ಲ. ಕೆಲವು ಬೋಲ್ಟ್‌ಗಳ ತಿರುಪಿನ ಗೆರೆ, ಕೆಲವು ಬೇರಿಂಗ್ ಮುಚ್ಚಳಗಳ ಅಂಚು, ಇಂಥ ಕಡೆ ಕಂಪನಿಯ ಮ್ಯಾನುಯಲ್ಲೇ ಇಂಥದ್ದನ್ನು ಹಚ್ಚಿ ಅಂತ ಹೇಳುತ್ತದೆ. ಅಲ್ಲಿ ಅದನ್ನೇ ಹಚ್ಚಿ. ಹೇಳದ ಕಡೆ ಟ್ಯೂಬ್ ಮುಚ್ಚಳ ತೆಗೆಯಬೇಡಿ.

ದಪ್ಪವಾ, ತೆಳುವಾ? ನೀವು ನಿಜವಾಗಿ ಎಡವುವ ಜಾಗ ಇದೇ. ದಪ್ಪದ್ದು ಗಟ್ಟಿ ಅನ್ನುವ ಮಾತು ಎಲ್ಲಿಂದ ಬಂತೋ, ಯಾವ ವರ್ಕ್‌ಶಾಪಿಗೆ ಹೋದರೂ ಕಿವಿಗೆ ಬೀಳುತ್ತದೆ. ಆದರೆ ಈ ಮುಖದಲ್ಲಿ ಗ್ಯಾಸ್ಕೆಟ್ ಒಂದೇ ಇಲ್ಲ. ಅದರ ಪಕ್ಕದಲ್ಲೇ ನೀರಿನ ರಬ್ಬರ್ ಸೀಲ್ ಇದೆ, ಓ-ರಿಂಗ್ ಇದೆ. ಎರಡು ಲೋಹ ಇಷ್ಟೇ ಹತ್ತಿರ ಬರುತ್ತವೆ ಅನ್ನುವ ಲೆಕ್ಕದ ಮೇಲೆ ಅವುಗಳ ಎತ್ತರ ಮತ್ತು ಅವು ಕೂರುವ ತೋಡಿನ ಆಳ ನಿಂತಿವೆ. ಅರ್ಧ ಮಿಲಿಮೀಟರ್ ದಪ್ಪದ ಗ್ಯಾಸ್ಕೆಟ್ ಇರಬೇಕಾದ ಕಡೆ ಒಂದು ಮಿಲಿಮೀಟರ್ ಹಾಕಿದಿರಿ ಅನ್ನಿ. ಲೋಹದ ಮುಖಗಳು ಅಷ್ಟು ದೂರ ನಿಂತವು. ದೊಡ್ಡ ಗ್ಯಾಸ್ಕೆಟ್ ಬಿಗಿಯಾಗಿ ಕೂತಂತೆ ಕಾಣುತ್ತದೆ, ಆದರೆ ಓ-ರಿಂಗ್ ಮೇಲೆ ಬೀಳಬೇಕಾದ ಒತ್ತಡವನ್ನು ಅದು ಕಸಿದುಕೊಂಡಿತು. ಓ-ರಿಂಗ್ ಸುಮ್ನೆ ತೋಡಿನಲ್ಲಿ ಮಲಗಿರುತ್ತದೆ. ಜೊತೆಗೆ ದಪ್ಪ ನಾರಿನ ಗ್ಯಾಸ್ಕೆಟ್ ದಿನ ಕಳೆದಂತೆ ಜಾಸ್ತಿ ಕುಗ್ಗುತ್ತದೆ, ನಟ್‌ಗಳ ಬಿಗಿ ಸಡಿಲವಾಗುತ್ತದೆ.

ವಾಟರ್ ಪಂಪಿನ ಗ್ಯಾಸ್ಕೆಟ್‌ಗೂ ಇದೇ ಮಾತು. ಅಲ್ಲಿ ಗ್ಯಾಸ್ಕೆಟ್ ದಪ್ಪ ಹೆಚ್ಚಾದರೆ ಇಂಪೆಲ್ಲರ್‌ಗೂ ಪ್ಲೇಟಿಗೂ ನಡುವಿನ ಸಂದು ಹೆಚ್ಚಾಗಿ ನೀರು ಏರುವುದು ಕಡಿಮೆಯಾಗುತ್ತದೆ. ಹೊಸ ಪಂಪ್ ಹಾಕಿದ ಮೇಲೂ ಎಂಜಿನ್ ಬಿಸಿಯಾದರೆ ಇದನ್ನೂ ನೆನಪಿಟ್ಟುಕೊಳ್ಳಿ.

ಹಾಗಾದರೆ ಸರಿಯಾದದ್ದು ಯಾವುದು ಅಂತ ಹೇಗೆ ತಿಳಿಯುವುದು? ಮರ್‌ಕ್ರೂಸರ್‌ಗಳಲ್ಲಿ ಎಂಜಿನ್, ಟ್ರಾನ್ಸಮ್ (ಬೋಟಿನ ಹಿಂಗೋಡೆಯ ಜೋಡಣೆ), ಡ್ರೈವ್ ಮೂರಕ್ಕೂ ಬೇರೆ ಬೇರೆ ಸೀರಿಯಲ್ ನಂಬರ್ ಇರುತ್ತವೆ. ನಿಮಗೆ ಬೇಕಾದದ್ದು ಡ್ರೈವ್‌ನ ನಂಬರ್. ಬೋಟಿನ ವರ್ಷ ಹೇಳಿ ಕಿಟ್ ತರಿಸಬೇಡಿ. 18 ವರ್ಷದಲ್ಲಿ ಡ್ರೈವ್ ಯಾವತ್ತೋ ಬದಲಾಗಿರಬಹುದು, ಹಳೆಯ ಮಾಲೀಕರು ಹೇಳಿರಲಿಕ್ಕಿಲ್ಲ. ಆಲ್ಫಾ ವನ್‌ನಲ್ಲೇ 1991ರಲ್ಲಿ ಜನರೇಷನ್ 2 ಬಂತು, ಅದರ ಹಿಂದಿನದಕ್ಕೂ ಇದಕ್ಕೂ ಬೆಲ್ ಹೌಸಿಂಗ್ ಗ್ಯಾಸ್ಕೆಟ್ ಬೇರೆ. ಹೆಸರು ಎರಡಕ್ಕೂ ಆಲ್ಫಾ ವನ್ನೇ. ಅಂಗಡಿಯವರು ಕೈಗೆ ಸಿಕ್ಕ ಆಲ್ಫಾ ಕಿಟ್ ಕೊಟ್ಟು ಕಳಿಸಿದರೆ ಆಶ್ಚರ್ಯ ಇಲ್ಲ. ನಿಮ್ಮ ದಪ್ಪ ಕಿಟ್ ಹಾಗೇ ಬಂದಿರಬಹುದು.

ನಂಬರ್ ಹೊಂದಿದ ಮೇಲೂ ಕಣ್ಣಿನ ಪರೀಕ್ಷೆ ಬಿಡಬೇಡಿ. ಗ್ಯಾಸ್ಕೆಟನ್ನು ಒಣಗಿದ ಮುಖದ ಮೇಲೆ ಇಡಿ. ಲೋಹದಲ್ಲಿ ತೂತಿರುವ ಕಡೆಯೆಲ್ಲ ಗ್ಯಾಸ್ಕೆಟ್‌ನಲ್ಲೂ ತೂತಿರಬೇಕು, ಯಾವ ತೂತಿನ ಅಂಚೂ ಅರ್ಧ ಮುಚ್ಚಿರಬಾರದು. ಹಾಗೇ ಎತ್ತಿ ಬೆಲ್ ಹೌಸಿಂಗ್ ಮುಖಕ್ಕೂ ಹಿಡಿದು ನೋಡಿ. ಎರಡು ಕಡೆಯೂ ಹೊಂದಬೇಕು. ಬಾಟಲಿ ಇರುವ ನಿಮ್ಮ ಡ್ರೈವ್‌ಗೆ ಆ ಪುಟ್ಟ ತೂತು ಬೇಕೇ ಬೇಕು. ನಂಬರ್ ಹೊಂದಿದರೆ ನನ್ನ ಓಟು ನಿಮ್ಮ ತೆಳು ಗ್ಯಾಸ್ಕೆಟ್‌ಗೆ. ತೂತಿಲ್ಲದ ಗ್ಯಾಸ್ಕೆಟ್‌ಗೆ ನೀವೇ ಪಂಚ್ ಹೊಡೆದು ತೂತು ಮಾಡುತ್ತೇನೆ ಅನ್ನಬೇಡಿ. ತೂತು ಬರುತ್ತದೆ, ದಪ್ಪ ಕಡಿಮೆಯಾಗುವುದಿಲ್ಲ.

ಕಂಪನಿಯದೇ ಬೇಕಾ, ಬೇರೆಯವರದ್ದು ಆಗುತ್ತಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೆಸರಿರುವ ಬೇರೆ ತಯಾರಕರ ಕಿಟ್‌ಗಳನ್ನು ನಾನೂ ಹಾಕುತ್ತೇನೆ. ಬೋಟು ಎಂಜಿನ್ ಮಾಡುತ್ತಿದ್ದ ಓಎಂಸಿ ಕಂಪನಿ 2000ನೇ ಇಸವಿಯ ಡಿಸೆಂಬರ್‌ನಲ್ಲಿ ದಿವಾಳಿಯಾಯಿತು. ಅವರ ಕೋಬ್ರಾ ಡ್ರೈವ್‌ಗಳು ಇವತ್ತೂ ಓಡುತ್ತಿರುವುದರಲ್ಲಿ ಇಂಥ ತಯಾರಕರ ಪಾಲು ದೊಡ್ಡದು. ನಾನು ದೂರ ಇಡುವುದು ನಂಬರೂ ಇಲ್ಲದ, ಹೆಸರೂ ಇಲ್ಲದ ಪ್ಲಾಸ್ಟಿಕ್ ಚೀಲದ ಕಿಟ್‌ಗಳನ್ನು ಮಾತ್ರ.

ಓ-ರಿಂಗ್ ಹಳೆಯವು ನಡೆಯುವುದಿಲ್ಲ. ಹಳೆಯದೊಂದನ್ನು ಬೆರಳ ನಡುವೆ ಹಿಡಿದು ಅಡ್ಡಲಾಗಿ ನೋಡಿ. ಹೊಸದು ಗುಂಡಗಿರುತ್ತದೆ, ಹಳೆಯದರ ಎರಡು ಬದಿ ಚಪ್ಪಟೆಯಾಗಿರುತ್ತದೆ. ಚಪ್ಪಟೆಯಾದ ರಬ್ಬರ್‌ಗೆ ವಾಪಸ್ ತಳ್ಳುವ ಶಕ್ತಿ ಇಲ್ಲ. ಡಬ್ಬದಲ್ಲಿರುವ ಅದೇ ಅಳತೆಯ ಇನ್ನೊಂದು ಕಪ್ಪು ರಿಂಗ್ ಹಾಕುವುದೂ ಬೇಡ. ಕಪ್ಪು ರಬ್ಬರೆಲ್ಲ ಒಂದೇ ಥರ ಕಾಣುತ್ತದೆ, ಒಂದೇ ಅಲ್ಲ. ನೈಟ್ರೈಲ್ ರಬ್ಬರ್ ಆಯಿಲ್ ತಡೆಯುತ್ತದೆ. ಇಪಿಡಿಎಂ ನೀರಿಗೆ ಚೆನ್ನಾಗಿದೆ, ಆಯಿಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಕಿಟ್‌ನಲ್ಲಿ ಬಂದದ್ದನ್ನೇ ಹಾಕಿ, ತೆಳುವಾಗಿ ಮರೀನ್ ಗ್ರೀಸ್ ಸವರಿ. ಗ್ಯಾಸ್ಕೆಟ್ ಒಣಗಿರಬೇಕು, ಓ-ರಿಂಗ್‌ಗೆ ಗ್ರೀಸ್ ಇರಬೇಕು. ಇದನ್ನು ಉಲ್ಟಾ ಮಾಡುವವರೇ ಜಾಸ್ತಿ.

ಈಗ ಮುಖ ತೊಳೆಯುವ ಕೆಲಸ. ನನ್ನ ಪ್ರಕಾರ ಗ್ಯಾಸ್ಕೆಟ್ ಕೆಲಸದಲ್ಲಿ ಮುಕ್ಕಾಲು ಭಾಗ ಇದೇ, ಹೊಸದನ್ನು ಕೂರಿಸಲು ಐದು ನಿಮಿಷ ಸಾಕು. ಅಲ್ಯೂಮಿನಿಯಂ ಮೆತ್ತನೆಯ ಲೋಹ. ಉಕ್ಕಿನ ಸ್ಕ್ರೇಪರ್‌ನ ಮೂಲೆ ಒಂದು ಸಲ ಕಚ್ಚಿದರೆ ಆ ಗೀರು ನೀರಿಗೆ ಕಾಲುವೆಯಾಗುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿ, ಗ್ಯಾಸ್ಕೆಟ್ ರಿಮೂವರ್ ಹಚ್ಚಿ ನೆನೆಯಲು ಬಿಡಿ, ಅವಸರ ಬೇಡ. ಡ್ರಿಲ್ಲಿಗೆ ಒರಟು ಡಿಸ್ಕ್ ಸಿಕ್ಕಿಸಿ ಉಜ್ಜುವುದಂತೂ ಬೇಡವೇ ಬೇಡ. ಹೊಳಪು ಬರುತ್ತದೆ ನಿಜ, ಆದರೆ ಅಲ್ಲಲ್ಲಿ ತಗ್ಗು ಬೀಳುತ್ತದೆ. ಉದ್ದ ಸ್ಟೀಲ್ ಅಳತೆಪಟ್ಟಿ ಅಡ್ಡ ಇಟ್ಟು ಹಿಂದಿನಿಂದ ಬೆಳಕು ಹಿಡಿದರೆ ಆ ತಗ್ಗು ಕಾಣುತ್ತದೆ. ಸಿಲಿಕಾನ್ ಚೂರು ಒಂದೂ ಉಳಿಯಬಾರದು, ಅದರಲ್ಲೂ ಆಯಿಲ್ ರಂಧ್ರದೊಳಗೆ. ಬಾಟಲಿ ಕಡೆಯಿಂದ ಕೊಳವೆ ಬಿಚ್ಚಿ ಮೆಲ್ಲಗೆ ಊದಿ ನೋಡಿ, ಗಾಳಿ ಈ ಕಡೆ ಬರಬೇಕು.

ಇನ್ನೂ ಹಳೆಯ ಬೋಟು ಇರುವವರಿಗೆ ಒಂದು ಎಚ್ಚರಿಕೆ. ದಶಕಗಳ ಹಿಂದಿನ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ನಾರು ಇರುವ ಸಾಧ್ಯತೆ ಇದೆ. ಒಣಗಿದ್ದನ್ನು ಕೆರೆದು ಧೂಳು ಎಬ್ಬಿಸಬೇಡಿ. ಒದ್ದೆ ಮಾಡಿ ತೆಗೆಯಿರಿ.

ಗುಳಿಗಳು. ಹೊರ ಅಂಚಿನದು ಗ್ಯಾಸ್ಕೆಟ್ ಅಗಲದ ಕಾಲು ಭಾಗಕ್ಕಿಂತ ಕಡಿಮೆ ಇದ್ದು, ಒಳಗಿನ ಯಾವ ದಾರಿಗೂ ತಾಗದಿದ್ದರೆ ನಾನು ಅದನ್ನು ಹಾಗೇ ಬಿಡುತ್ತೇನೆ, ಇಲ್ಲವೇ ಲೋಹ ತುಂಬಿದ ಎಪಾಕ್ಸಿಯಿಂದ ಸಮ ಮಾಡುತ್ತೇನೆ. ನೀರಿನ ಸೀಲ್‌ಗೆ ತಾಗಿದ್ದು ಮಾತ್ರ ಬೇರೆ ಕಥೆ. ಎಪಾಕ್ಸಿ ಹಾಕಬಹುದು. ಗುಳಿಯೊಳಗಿನ ಬಿಳಿ ಪುಡಿಯೆಲ್ಲ ಹೋಗಿ ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಎಣ್ಣೆ ಪಸೆ ತೆಗೆದು, ತುಂಬಿ, ಪೂರ್ತಿ ಗಟ್ಟಿಯಾದ ಮೇಲೆ ಚಪ್ಪಟೆ ಹಲಗೆಗೆ ಸುತ್ತಿದ ನಯವಾದ ಮರಳು ಕಾಗದದಿಂದ ಉಜ್ಜಬೇಕು. ಪುಡಿ ಉಳಿದರೆ ಕೆಳಗೆ ತುಕ್ಕು ಬೆಳೆದು ಎಪಾಕ್ಸಿ ಒಂದು ದಿನ ಬಿಲ್ಲೆಯ ಹಾಗೆ ಎದ್ದು ಬರುತ್ತದೆ. ಗಟ್ಟಿ ದಾರಿ ಅಂದರೆ ವೆಲ್ಡ್ ಮಾಡಿಸಿ ಮಿಷಿನ್ ಮೇಲೆ ಸಮ ಮಾಡಿಸುವುದು. ಅದರಲ್ಲೂ ಅಪಾಯ ಇದೆ. ವೆಲ್ಡಿಂಗ್ ಬಿಸಿಗೆ ಹೌಸಿಂಗ್ ಸೊಟ್ಟಗಾದರೆ ಬೇರಿಂಗ್ ಕೂರುವ ಜಾಗವೂ ಕೆಡುತ್ತದೆ. ಇಂಥ ಎರಕದ ಅಲ್ಯೂಮಿನಿಯಂ ಮಾಡಿ ಕೈಪಳಗಿದವರಿಗೇ ಕೊಡಿ. ಗುಳಿ ಸೀಲ್‌ನ ಅಗಲವನ್ನು ಅಡ್ಡ ದಾಟಿದ್ದರೆ ಎಪಾಕ್ಸಿಗೆ ಸಮಯ ಹಾಳು ಮಾಡಬೇಡಿ.

ಗುಳಿ ಯಾಕೆ ಬಿತ್ತು ಅಂತಲೂ ನೋಡಿ. ಡ್ರೈವ್‌ನ ಆನೋಡ್‌ಗಳು ತಿಂದುಹೋಗಿವೆಯಾ? ಅವು ಸವೆಯಲಿಕ್ಕೇ ಇರುವುದು, ಅವು ಮುಗಿದರೆ ಮುಂದಿನ ಊಟ ನಿಮ್ಮ ಹೌಸಿಂಗ್. ಮೆಗ್ನೀಸಿಯಂ ಆನೋಡ್ ಸಿಹಿನೀರಿಗೆ ಮಾತ್ರ. ಉಪ್ಪುನೀರಲ್ಲಿ ಸತು ಅಥವಾ ಅಲ್ಯೂಮಿನಿಯಂ. ತಾಮ್ರ ಇರುವ ಆಂಟಿಫೌಲಿಂಗ್ (ಪಾಚಿ, ಚಿಪ್ಪು ಹಿಡಿಯದ ಹಾಗೆ ಮಾಡುವ) ಬಣ್ಣವನ್ನು ಯಾರಾದರೂ ಡ್ರೈವ್‌ಗೆ ಬಳಿದಿದ್ದರೆ ಅದೂ ಕಾರಣ ಆಗಬಹುದು.

ಇನ್ನು ಕೂರಿಸುವುದು. ಅದಕ್ಕೆ ಮೊದಲು ಬೆಲ್ ಹೌಸಿಂಗ್ ಒಳಗೆ ಕೈ ಹಾಕಿ ಯೂ-ಜಾಯಿಂಟ್ ಸುತ್ತಲಿನ ರಬ್ಬರ್ ಕೊಳವೆಯಾದ ಬೆಲ್ಲೋಸ್‌ನ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಬಿರುಕು ಇದ್ದರೆ ಈಗಲೇ ಬದಲಾಯಿಸಿ. ಅದು ನೀರಿನ ಮಟ್ಟಕ್ಕಿಂತ ಕೆಳಗಿದೆ. ಹರಿದರೆ ಗಿಂಬಲ್ ಬೇರಿಂಗ್ ನೀರು ತಡೆಯುವುದಿಲ್ಲ, ಬೋಟೇ ಮುಳುಗಬಹುದು. ಬೇರಿಂಗನ್ನು ಬೆರಳಿಂದ ತಿರುಗಿಸಿ, ಮರಳು ಸಿಕ್ಕ ಹಾಗೆ ಅನ್ನಿಸಿದರೆ ಅದಕ್ಕೂ ಕಾಲ ಬಂದಿದೆ. ಎಂಜಿನ್ ಸಾಲು ಸರಿ ಇದೆಯಾ ಅಂತ ತಿಳಿಸುವ ಅಲೈನ್‌ಮೆಂಟ್ ಬಾರ್ ತೂರಿಸಿ ನೋಡಿ. ಅದು ಸಲೀಸಾಗಿ ಹೋಗಿ ಬಂದರೆ ಮಾತ್ರ ಡ್ರೈವ್ ಹಚ್ಚಿ. ಎಂಜಿನ್ ಸಾಲು ತಪ್ಪಿದ್ದರೆ ಡ್ರೈವನ್ನು ನಟ್‌ಗಳಿಂದ ಎಳೆದು ಕೂರಿಸಬೇಕಾಗುತ್ತದೆ, ಆಗ ಗ್ಯಾಸ್ಕೆಟ್ ಒಂದು ಬದಿ ನಜ್ಜಾಗುತ್ತದೆ.

ಆಲ್ಫಾ ಡ್ರೈವನ್ನು ಬಿಚ್ಚುವಾಗಲೂ ಹಚ್ಚುವಾಗಲೂ ಫಾರ್ವರ್ಡ್ ಗೇರ್‌ನಲ್ಲಿ ಇಡಬೇಕು. ಬ್ರಾವೋ ಆದರೆ ನ್ಯೂಟ್ರಲ್. ಶಾಫ್ಟ್‌ನ ಹಲ್ಲುಗಳಿಗೆ ಕಪ್ಲರ್ ಗ್ರೀಸ್ ಹಚ್ಚಿ. ಇನ್ನೊಬ್ಬರನ್ನು ಕರೆಯಿರಿ. ಒಬ್ಬರೇ ಎತ್ತಿ ತೂರಿಸಲು ಹೋದರೆ ಶಾಫ್ಟ್ ತುದಿ ಬೆಲ್ಲೋಸ್‌ಗೆ ತಿವಿಯುತ್ತದೆ, ಸೀಲ್ ತೋಡಿನಿಂದ ಜಾರುತ್ತದೆ. ಮುಖಗಳ ನಡುವೆ ಬೆರಳಗಲ ಸಂದು ಉಳಿದಾಗ ನಿಂತು, ಟಾರ್ಚ್ ಬಿಟ್ಟು, ಗ್ಯಾಸ್ಕೆಟ್ ಮತ್ತು ನೀರಿನ ಸೀಲ್ ಸ್ವಸ್ಥಾನದಲ್ಲಿವೆಯಾ ನೋಡಿ. ಆಮೇಲೆ ಕೈಯಿಂದಲೇ ತಳ್ಳಿದರೆ ಮುಖಕ್ಕೆ ಮುಖ ಕೂರಬೇಕು. ಕೂರದಿದ್ದರೆ ಪ್ರೊಪೆಲರ್ ಶಾಫ್ಟನ್ನು ಸ್ವಲ್ಪ ತಿರುಗಿಸಿ ಹಲ್ಲು ಹೊಂದಿಸಿ. ನಟ್ ಬಿಗಿದು ಎಳೆಯಬೇಡಿ.

ಆರು ನಟ್‌ಗಳಿಗೂ ಟಾರ್ಕ್ ರೆಂಚ್. ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ, ಕೊನೆಗೆ 50 ಅಡಿ-ಪೌಂಡ್, ಅಂದರೆ 68 ನ್ಯೂಟನ್ ಮೀಟರ್. ಇನ್ನೊಂಚೂರು ಇರಲಿ ಅಂತ ಪೈಪ್ ಸಿಕ್ಕಿಸಿ ಎಳೆದರೆ ಸ್ಟಡ್ ಎಳೆದುಬರುತ್ತದೆ, ಅಂಚು ಬಾಗುತ್ತದೆ. ಬಾಗಿದ ಅಂಚು ಸೋರುತ್ತದೆ.

ನಿಮ್ಮ ಮುಂದಿರುವ ದಾರಿಗಳನ್ನು ಹೇಳಿಬಿಡುತ್ತೇನೆ. ಸ್ಕ್ರೂ ವಾಷರ್, ಗ್ಯಾಸ್ಕೆಟ್, ಓ-ರಿಂಗ್ ಬದಲಾಯಿಸಿ, ಹೊಸ ಆಯಿಲ್ ತುಂಬಿ ಓಡಿಸಿ ನೋಡುವುದು ಅಗ್ಗದ ದಾರಿ. ಪ್ರೆಷರ್ ಟೆಸ್ಟ್ ಪಾಸಾದರೆ ನನ್ನ ಒಪ್ಪಿಗೆ ಇದೆ. ಟೆಸ್ಟ್ ಮಾಡದೆ ಹೀಗೆ ಮಾಡಿದರೆ ಜೂಜು. ಟೆಸ್ಟ್‌ನಲ್ಲಿ ಒಂದು ಸೀಲ್ ಸಿಕ್ಕಿಬಿದ್ದರೆ ಅದರ ಜೊತೆಗಾರ ಸೀಲ್‌ಗಳನ್ನೂ ಬದಲಾಯಿಸಿ. ಒಂದೇ ವಯಸ್ಸಿನವು, ಒಂದು ಹೋದರೆ ಉಳಿದವು ಜಾಸ್ತಿ ದಿನ ಬರುವುದಿಲ್ಲ. ಎರಡು ಮೂರು ಕಡೆ ಗುಳ್ಳೆ ಬಂದರೆ ಇಡೀ ಡ್ರೈವ್ ಸೀಲ್ ಮಾಡಿಸಿ. ಅದಕ್ಕೆ ಬೇರಿಂಗ್ ಬಿಚ್ಚಬೇಕಾಗುತ್ತದೆ, ಶಿಮ್ (ಸಂದು ಸರಿಮಾಡುವ ತೆಳು ಬಿಲ್ಲೆ) ಲೆಕ್ಕ ಇರುತ್ತದೆ, ವಿಶೇಷ ಟೂಲ್ ಬೇಕು. ಇದನ್ನು ಮನೆಯಲ್ಲಿ ಮಾಡಿ ಅಂತ ನಾನು ಹೇಳುವುದಿಲ್ಲ. ಈ ಸೀಸನ್ ಹೀಗೇ ಓಡಿಸಿಬಿಡೋಣ ಅನ್ನುವ ದಾರಿ ಮಾತ್ರ ಬೇಡ. ನೀರು ಬೆರೆತ ಆಯಿಲ್ ಗೇರಿನ ಹಲ್ಲು ಕಾಯುವುದಿಲ್ಲ. ಬೋಟು ಸುಮ್ನೆ ನಿಂತಿದ್ದಾಗಲೂ ಬೇರಿಂಗ್‌ಗೆ ತುಕ್ಕು ಹತ್ತುತ್ತದೆ.

ಎಲ್ಲ ಜೋಡಿಸಿದ ಮೇಲೆ ಆಯಿಲನ್ನು ಕೆಳಗಿನ ಸ್ಕ್ರೂನಿಂದ ಮೇಲಕ್ಕೆ ತುಂಬಿ. ಅದು ಏರುತ್ತಾ ಬಾಟಲಿಯೊಳಗೆ ಬರುವುದನ್ನು ಕಣ್ಣಾರೆ ನೋಡಿ. ಬಂದರೆ ದಾರಿ ತೆರೆದಿದೆ. ಬರದಿದ್ದರೆ ಡ್ರೈವ್ ಮತ್ತೆ ಬಿಚ್ಚಬೇಕು, ಬೇಜಾರಾದರೂ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಡ್ರೈವ್‌ಗೆ ನೀರಿನ ಪೈಪ್ ಹಾಕಿರಬೇಕು, ಒಂದೆರಡು ಸೆಕೆಂಡ್ ಒಣಗಿ ಓಡಿಸಿದರೂ ಇಂಪೆಲ್ಲರ್‌ಗೆ ಪೆಟ್ಟು. ಮೊದಲ ಓಟ ಮುಗಿಸಿ ಬಂದಾಗ ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆಯಿರಿ, ಮರುದಿನ ತಣ್ಣಗಾದಾಗ ಇನ್ನೊಂದು. ಎರಡು ಗೆರೆಯ ನಡುವೆ ಸ್ವಲ್ಪ ಅಂತರ ಇದ್ದರೆ ಬಾಟಲಿ ಮತ್ತೆ ಮಾತಾಡುತ್ತಿದೆ ಅಂತ ಲೆಕ್ಕ. ಹತ್ತು ಗಂಟೆ ಓಡಿದ ಮೇಲೆ ಆ ಬಿಳಿ ಬಟ್ಟಲಿನ ಪರೀಕ್ಷೆ ಮಾಡಿ, ವಾಷರ್ ಹೊಸದು ಹಾಕುವುದು ಮರೆಯಬೇಡಿ. ಹಾಂ, ಆ ದಪ್ಪ ಗ್ಯಾಸ್ಕೆಟ್ ಕಿಟ್ ವಾಪಸ್ ಕಳಿಸಿಬಿಡಿ. ಬೋಟಿನ ಟೂಲ್ ಬಾಕ್ಸ್‌ನಲ್ಲಿ ಉಳಿದರೆ ಮುಂದೊಂದು ದಿನ ಅವಸರದಲ್ಲಿ ಯಾರೋ ಅದನ್ನೇ ಎತ್ತಿ ಹಾಕುತ್ತಾರೆ.